ಪರದೆ ಬೇಡವೆಂದಾಗ ಕಾರಣ ಹೇಳುವವರು ಯಾರು?

ಕೈಪಿಡಿ ಬೇಕಾಗುವ ತಂತ್ರಾಂಶ ಕೆಟ್ಟ ತಂತ್ರಾಂಶ ಎಂಬ ಮಾತು ಈಗ ಸಾಫ್ಟ್‌ವೇರ್ ಕಂಪನಿಗಳ ಮೀಟಿಂಗುಗಳಲ್ಲಿ ಗಾದೆಯಂತೆ ಓಡಾಡುತ್ತಿದೆ. ಪರದೆ ನೋಡಿದ ಕೂಡಲೇ ಎಲ್ಲ ತಿಳಿಯಬೇಕು, ತಿಳಿಯದಿದ್ದರೆ ಅದು ವಿನ್ಯಾಸ ಮಾಡಿದವರ ತಪ್ಪು, ವಿವರಿಸಲು ಪುಸ್ತಕ ಬರೆಯುವುದು ದುಡ್ಡು ದಂಡ ಎನ್ನುವುದು ಇದರ ತಾತ್ಪರ್ಯ. ಗ್ರಾಹಕರಿಗೆ ಪರದೆ ವಿನ್ಯಾಸ ಮಾಡಿ ಅದರ ಕೈಪಿಡಿಯನ್ನೂ ಬರೆದುಕೊಡುವ ಕೆಲಸ ನನ್ನದು. ಈ ಮಾತಿನಲ್ಲಿ ಅರ್ಧ ನಿಜವಿದೆ, ಉಳಿದರ್ಧ ಅಪಾಯಕಾರಿ. ನಮ್ಮ ಹೊಸಪೇಟೆ, ಸಂಡೂರು, ಕಂಪ್ಲಿ ಸೀಮೆಯಲ್ಲಿ ಪರದೆಯ ಮುಂದೆ ಕೂತವರು ಒಬ್ಬರು, ಆ ಪರದೆ ಯಾರ ಕೆಲಸವನ್ನು ತೀರ್ಮಾನಿಸುತ್ತದೋ ಅವರು ಇನ್ನೊಬ್ಬರು. ಕೂತವರಿಗೆ ಕೈಪಿಡಿ ಬೇಡದಿರಬಹುದು. ಕೌಂಟರಿನ ಆಚೆ ನಿಂತವರಿಗೆ ಬೇಕೇ ಬೇಕು.

ಎದುರುವಾದದ ಬೇರು ಹಗುರವಾದದ್ದೇನಲ್ಲ. ವಿನ್ಯಾಸ ಚಿಂತಕ ಡೊನಾಲ್ಡ್ ನಾರ್ಮನ್ 1988ರಲ್ಲಿ ದಿನಬಳಕೆಯ ವಸ್ತುಗಳ ವಿನ್ಯಾಸದ ಬಗ್ಗೆ ಬರೆದ ಪುಸ್ತಕದಲ್ಲಿ ಬಾಗಿಲಿನ ಉದಾಹರಣೆ ಕೊಡುತ್ತಾರೆ: ತಳ್ಳಬೇಕೋ ಎಳೆಯಬೇಕೋ ಎಂದು ಚೀಟಿ ಅಂಟಿಸಬೇಕಾಗಿ ಬಂದರೆ ಬಾಗಿಲು ಮಾಡಿದವರೇ ಸೋತಂತೆ. 2001ರಲ್ಲಿ ಅಮೆರಿಕದ ಯೂಟಾದಲ್ಲಿ ಸೇರಿದ್ದ 17 ಮಂದಿ ತಂತ್ರಾಂಶ ಪರಿಣತರು ಹೊರಡಿಸಿದ ಅಜೈಲ್ ಪ್ರಣಾಳಿಕೆಯೂ ವಿಸ್ತಾರವಾದ ದಾಖಲೆಗಿಂತ ಕೆಲಸ ಮಾಡುವ ತಂತ್ರಾಂಶಕ್ಕೆ ಹೆಚ್ಚು ಬೆಲೆ ಕೊಟ್ಟಿತು. ಎರಡನ್ನೂ ಒಪ್ಪುತ್ತೇನೆ. ಬಿಲ್ ಪಾಸಾಗಲೆಂದೇ ಬರೆದ ಕೈಪಿಡಿಗಳನ್ನು ಕಂಡವರಿಗೆ ಈ ಕಳಕಳಿ ಅರ್ಥವಾಗುತ್ತದೆ. ಪುಟಕ್ಕೊಂದು ಸ್ಕ್ರೀನ್‌ಶಾಟ್, ಅದರ ಕೆಳಗೆ ‘ಸೇವ್ ಬಟನ್ ಒತ್ತಿದರೆ ಮಾಹಿತಿ ಸೇವ್ ಆಗುತ್ತದೆ’ ಎಂಬಂಥ ಸಾಲು, ಮುಂದಿನ ಅಪ್‌ಡೇಟ್ ಬರುವಷ್ಟರಲ್ಲಿ ಅಷ್ಟೂ ಹಳತು. ಅಂಥದ್ದನ್ನು ಬರೆಯದಿರುವುದೇ ಲೇಸು. ಇನ್ನು, ಹಳ್ಳಿಯ ಜನ ಓದುವುದಿಲ್ಲ, ಬರೆದು ಏನು ಪ್ರಯೋಜನ ಎನ್ನುವವರು ಪಹಣಿಯಲ್ಲಿ ಒಂದಕ್ಷರ ತಪ್ಪಿದ್ದಕ್ಕೆ ತಾಲ್ಲೂಕು ಕಚೇರಿಗೆ ಅಲೆದವರನ್ನು ನೋಡಿದವರಲ್ಲ.

ಆದರೆ ನಾರ್ಮನ್ನರ ಬಾಗಿಲನ್ನು ತಳ್ಳುವವರೂ ಒಳಗೆ ಹೋಗುವವರೂ ಒಬ್ಬರೇ. ನಮ್ಮ ಸೀಮೆಯ ಪಾಪಿನಾಯಕನಹಳ್ಳಿಯಂಥ ಊರಿನಲ್ಲಿ ಹಾಗಲ್ಲ. 2023ರ ಜುಲೈಯಲ್ಲಿ ಸರ್ಕಾರದ ಗೃಹಲಕ್ಷ್ಮಿ ಯೋಜನೆಯ ನೋಂದಣಿ ಶುರುವಾದಾಗ ಸೇವಾ ಕೇಂದ್ರಗಳ ಮುಂದೆ ಹೆಂಗಸರ ಸಾಲು ಹೇಗಿತ್ತೆಂದು ಎಲ್ಲರಿಗೂ ನೆನಪಿದೆ. ಪಡಿತರ ಚೀಟಿಯಲ್ಲಿ ಅವರ ಹೆಸರು ಮನೆಯ ಯಜಮಾನಿ ಎಂದೇ ಇರಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯಾಗಿರಬೇಕು, ಗಂಡ ಹೆಂಡತಿ ಇಬ್ಬರಲ್ಲಿ ಯಾರೂ ಆದಾಯ ತೆರಿಗೆಯವರ, ಜಿಎಸ್‌ಟಿಯವರ ಪಟ್ಟಿಯಲ್ಲಿ ಇರಬಾರದು. ಇವುಗಳಲ್ಲಿ ಯಾವುದು ತಪ್ಪಿದರೂ ಹೆಣ್ಣುಮಗಳ ಕಿವಿಗೆ ಬೀಳುವ ಉತ್ತರ ಒಂದೇ: ‘ಸರ್ವರ್ ತಗಳವಲ್ದು ಯಮ್ಮಾ, ನಾಳಿಗೆ ಬಾ.’ ಕೆಲವೊಮ್ಮೆ ಸರ್ವರೇ ಕೈಕೊಟ್ಟಿರುತ್ತದೆ. ಎಷ್ಟೋ ಸಲ ತೊಡಕಿರುವುದು ಆಹಾರ ಇಲಾಖೆಯಲ್ಲಿ, ಇಲ್ಲವೇ ಬ್ಯಾಂಕಿನಲ್ಲಿ. ಆಕೆ ಹೋಗಬೇಕಾದ ಕಚೇರಿಯೇ ಬೇರೆ, ಮತ್ತೆ ಮತ್ತೆ ಬರುವುದು ಮಾತ್ರ ಅದೇ ಕೌಂಟರಿಗೆ. ಕೌಂಟರಿನಲ್ಲಿ ಕೂತ ಹುಡುಗನನ್ನು ಬೈಯುವುದು ಸಲ್ಲದು. ಪರದೆ ಅವನಿಗೂ ಅದಕ್ಕಿಂತ ಹೆಚ್ಚು ಹೇಳಿರುವುದಿಲ್ಲ.

ಊರಿನ ಹೆದ್ದಾರಿಗುಂಟ ಓಡಾಡುವ ಅದಿರು ಲಾರಿಗಳ ತೂಕದ ಕಾಟಾ ಇದನ್ನೇ ಇನ್ನೊಂದು ಬಗೆಯಲ್ಲಿ ತೋರಿಸುತ್ತದೆ. ಲಾರಿ ಕಾಟಾ ಹತ್ತುತ್ತದೆ, ಕ್ಯಾಬಿನ್ನಿನಲ್ಲಿರುವವರು ಗಾಡಿ ನಂಬರ್ ಒತ್ತುತ್ತಾರೆ, ಹೊರಗಿನ ದೊಡ್ಡ ಬೋರ್ಡಿನಲ್ಲಿ ಕೆಂಪು ಅಂಕಿಗಳು ಹೊಳೆಯುತ್ತವೆ. ಚಾಲಕ ಸೀಟಿನಿಂದಲೇ ಒಟ್ಟು ತೂಕ ಓದಿಕೊಳ್ಳಬಹುದು. ಆದರೆ ಅದರಿಂದ ಕಳೆಯುವ ಖಾಲಿ ತೂಕ ಇವತ್ತು ತೂಗಿದ್ದೋ, ಹಿಂದೆಂದೋ ತೂಗಿ ಕಂಪ್ಯೂಟರಿನಲ್ಲಿ ಉಳಿಸಿಕೊಂಡದ್ದೋ ಎಂಬುದು ಬೋರ್ಡಿನಲ್ಲಿ ಕಾಣುವುದಿಲ್ಲ. ಅಕ್ರಮ ಗಣಿಗಾರಿಕೆ ಕುರಿತ 2011ರ ಲೋಕಾಯುಕ್ತ ವರದಿ ಬಂದು, ಸುಪ್ರೀಂ ಕೋರ್ಟ್ ಕೆಲಕಾಲ ಗಣಿಗಾರಿಕೆ ನಿಲ್ಲಿಸಿದ ಮೇಲೆ ಈ ಸೀಮೆಯಲ್ಲಿ ಅದಿರಿನ ತೂಕವೆಂದರೆ ಬರೀ ಬಾಡಿಗೆಯ ಲೆಕ್ಕವಾಗಿ ಉಳಿದಿಲ್ಲ, ಕಾನೂನಿನ ಮಾತಾಗಿದೆ. ಖಾಲಿ ತೂಕ ಎಲ್ಲಿಂದ ಬಂತು, ಎಷ್ಟು ದಿನ ನಡೆಯುತ್ತದೆ, ತಕರಾರಿದ್ದರೆ ಮರುತೂಕ ಕೇಳಬಹುದೇ ಎಂಬ ಮೂರು ಸಾಲನ್ನು ತೂಕದ ಚೀಟಿಯ ಹಿಂದೆ ಅಚ್ಚು ಹಾಕಿಸುವುದೂ ಕೈಪಿಡಿ ಬರೆಯುವ ಕೆಲಸವೇ.

ನಿಂತವರನ್ನು ನೆನಪಿಟ್ಟುಕೊಂಡ ವಿನ್ಯಾಸ ಕರ್ನಾಟಕಕ್ಕೆ ಹೊಸದಲ್ಲ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಅವರ ನೇತೃತ್ವದಲ್ಲಿ, ರಾಷ್ಟ್ರೀಯ ಮಾಹಿತಿ ಕೇಂದ್ರದ (ಎನ್‌ಐಸಿ) ತಂತ್ರಾಂಶದೊಂದಿಗೆ ರೂಪುಗೊಂಡ ‘ಭೂಮಿ’ ಯೋಜನೆ ಸುಮಾರು 67 ಲಕ್ಷ ಹಿಡುವಳಿದಾರರ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿತು. ಅದುವರೆಗೆ ಈ ದಾಖಲೆಗಳಿದ್ದದ್ದು ಗ್ರಾಮ ಲೆಕ್ಕಾಧಿಕಾರಿಗಳ ಕೈಯಲ್ಲಿ, ಅವರ ಕೈಬರಹದಲ್ಲಿ. ಯೋಜನೆ ಬಂದಾಗ 15 ರೂಪಾಯಿ ಕಟ್ಟಿದರೆ ತಾಲ್ಲೂಕು ಕೇಂದ್ರದಲ್ಲಿ ಪಹಣಿ ಸಿಗುವಂತಾಯಿತು. ಎಲ್ಲರೂ ಹೊಗಳುವುದು ಈ ವೇಗವನ್ನು. ನನ್ನ ಮನಸ್ಸಿಗೆ ಹಿಡಿಸಿದ್ದು ಕೌಂಟರಿನ ಮೇಲಿದ್ದ ಎರಡನೆಯ ಮಾನಿಟರ್. ಒಂದು ಪರದೆ ಆಪರೇಟರಿನ ಕಡೆಗೆ, ಇನ್ನೊಂದು ರೈತರ ಕಡೆಗೆ. ಆಪರೇಟರ್ ಯಾವ ಸರ್ವೆ ನಂಬರ್ ತೆಗೆದರು, ಏನು ಒತ್ತಿದರು ಎಂಬುದು ಎದುರಿಗೆ ನಿಂತವರಿಗೂ ಆ ಕ್ಷಣವೇ ಕಾಣುತ್ತಿತ್ತು. 9ನೇ ಕಾಲಂನಲ್ಲಿ ತನ್ನಪ್ಪನ ಹೆಸರು ಹೇಗಿದೆ, 11ನೇ ಕಾಲಂನಲ್ಲಿ ಯಾವ ಬ್ಯಾಂಕಿನ ಸಾಲ ಕೂತಿದೆ ಎಂದು ರೈತ ಬೆರಳಿಟ್ಟು ತೋರಿಸಿ ಕೇಳಬಹುದಿತ್ತು. ಮ್ಯುಟೇಶನ್ ಅರ್ಜಿಗಳನ್ನು ಬಂದ ಸರದಿಯಲ್ಲೇ ಕೈಗೆತ್ತಿಕೊಳ್ಳುವಂತೆ ತಂತ್ರಾಂಶವೇ ಕಟ್ಟುಹಾಕಿತ್ತು, ಸಿಬ್ಬಂದಿ ಬೆರಳಚ್ಚು ಕೊಟ್ಟೇ ಒಳಹೊಗಬೇಕಿತ್ತು. ಅಕ್ಷರ ಬಾರದವರೂ ಪಕ್ಕದವರಿಂದ ಓದಿಸಿಕೊಂಡು ಆ ಪರದೆಯ ಮೇಲೆ ಜಗಳ ತೆಗೆಯಬಹುದಿತ್ತು. ಒಂದು ಸರ್ಕಾರಿ ಕೌಂಟರಿನಲ್ಲಿ ಇದು ಸಣ್ಣ ಸಂಗತಿಯೇ?

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ. ಸಂಶೋಧಕ ಸಾಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ಬೆಂಗಳೂರು ಸುತ್ತಲಿನ ಜಮೀನು ವ್ಯವಹಾರಗಳನ್ನು ಅಧ್ಯಯನ ಮಾಡಿ, ‘ಭೂಮಿ’ಯಿಂದ ಹೆಚ್ಚು ಅನುಕೂಲವಾದದ್ದು ದೊಡ್ಡ ಕುಳಗಳಿಗೆ, ಊರಿನ ಮಟ್ಟದಲ್ಲಿದ್ದ ಹಿಡಿತ ಮೇಲಕ್ಕೆ ಹೋಯಿತು ಎಂದು ವಾದಿಸಿದರು. ಅಂದರೆ ಪರದೆ ಎಷ್ಟೇ ಸ್ವಚ್ಛವಾಗಿದ್ದರೂ ಅಧಿಕಾರ ಇರುವುದು ಬೇರೆಡೆ. ಈ ಮಾತನ್ನು ತಳ್ಳಿಹಾಕಲಾರೆ. ಆದರೆ ಇದರಿಂದ ನನಗೆ ಹೊಳೆಯುವುದು ಪರದೆ ವ್ಯರ್ಥವೆಂದಲ್ಲ, ಪರದೆ ತೋರಿಸುವುದಷ್ಟೇ ಸಾಲದು ಎಂದು. ಯಾವ ನಿಯಮದ ಮೇಲೆ ಹಾಗೆ ತೋರಿಸುತ್ತಿದೆ ಎಂಬುದೂ ಊರಿನವರ ಕೈಯಲ್ಲಿ ಬರಹವಾಗಿ ಇರಬೇಕು.

ಕಾನೂನು ಇಲ್ಲಿ ಅರ್ಧ ದಾರಿ ಬಂದು ನಿಂತಿದೆ. 2011ರ ಸಕಾಲ ಕಾಯ್ದೆಯ ಪ್ರಕಾರ ಅರ್ಜಿಗೆ ಒಂದು ಸಂಖ್ಯೆ ಸಿಗುತ್ತದೆ, ಗಡುವು ಇರುತ್ತದೆ, ತಿರಸ್ಕರಿಸಿದರೆ ಅಧಿಕಾರಿ ಕಾರಣ ಬರೆದು ತಿಳಿಸಬೇಕು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರವೂ ಉಂಟು. ಆದರೆ ಆಧಾರ್‌ನಲ್ಲಿರುವ ಹೆಸರಿಗೂ ಪಹಣಿಯ ಹೆಸರಿಗೂ ತಾಳೆಯಾಗಲಿಲ್ಲವೆಂದು ಪರದೆಯೇ ಮುಂದಿನ ಪುಟಕ್ಕೆ ಬಿಡದಿದ್ದರೆ? ಅಲ್ಲಿ ಅರ್ಜಿಯೇ ಹುಟ್ಟಿಲ್ಲ. ಸಂಖ್ಯೆ ಇಲ್ಲ, ಗಡುವು ಇಲ್ಲ, ತಿರಸ್ಕಾರವೂ ಲೆಕ್ಕಕ್ಕಿಲ್ಲ. ತಹಶೀಲ್ದಾರರು ಕಾರಣ ಕೊಡದೆ ಹಿಂದೆ ಕಳಿಸಿದರೆ ಮೇಲ್ಮನವಿ ಹಾಕುತ್ತೇವೆ. ಒಂದು ಡ್ರಾಪ್‌ಡೌನ್ ಪಟ್ಟಿ ಹಿಂದೆ ಕಳಿಸಿದರೆ ಯಾರ ಮೇಲೆ ಹಾಕುವುದು? ಆ ತಡೆಯನ್ನು ಕೂರಿಸಿದವರು ನಮ್ಮಂಥ ವಿನ್ಯಾಸಕಾರರು, ಕೂರಿಸಿ ಎಂದವರು ಇಲಾಖೆಯವರು. ಅದು ಸಹಿಯಿಲ್ಲದ ಆದೇಶ. ಆದೇಶಕ್ಕೆ ಕಾರಣ ಬೇಕೆಂದರೆ ಅದಕ್ಕೂ ಬೇಕು.

ಹಾಗಾಗಿ ಕೈಪಿಡಿಯನ್ನು ಪರದೆಯಾದ ಮೇಲೆ ಬರೆಯುವ ಪದ್ಧತಿಯೇ ತಲೆಕೆಳಗಾದದ್ದು. ಪ್ರತಿಯೊಂದು ತಡೆಗೂ ಮೊದಲು ಮೂರು ಸಾಲು ಬರೆಯಬೇಕು: ಏನು ತಾಳೆಯಾಗಲಿಲ್ಲ, ಸರಿಪಡಿಸುವ ಕಚೇರಿ ಯಾವುದು, ಏನು ಒಯ್ಯಬೇಕು. ಬರೆಯಲು ಬಾರದಿದ್ದರೆ ನಿಯಮವೇ ಇನ್ನೂ ತೀರ್ಮಾನವಾಗಿಲ್ಲ ಎಂದರ್ಥ, ಅಂಥ ತಡೆಯನ್ನು ಕೂರಿಸಲೇಬಾರದು. ಪ್ರತಿ ತಡೆಗೂ ಒಂದು ನಂಬರ್ ಇರಲಿ, ಆ ನಂಬರಿನೊಂದಿಗೆ ಮೂರು ಸಾಲನ್ನು ಚೀಟಿಯಾಗಿ ಮುದ್ರಿಸಿ ಕೈಗೆ ಕೊಡಲಿ. ಬಟನ್ನಿನ ಬಣ್ಣ, ಜಾಗ ಬದಲಾದರೂ ಈ ಬರಹ ಹಳತಾಗುವುದಿಲ್ಲ, ನಿಯಮ ಬದಲಾದಾಗ ಮಾತ್ರ ತಿದ್ದಿದರೆ ಸಾಕು. ಖರ್ಚು ಹೆಚ್ಚು ಎನ್ನುವ ಗ್ರಾಹಕರು ಒಂದು ದಿನದ ಕೂಲಿ ಬಿಟ್ಟು ಪಾಪಿನಾಯಕನಹಳ್ಳಿಯಿಂದ ಹೊಸಪೇಟೆಗೆ ಬಸ್ಸು ಹತ್ತುವವರ ಖರ್ಚನ್ನೂ ಅದರ ಪಕ್ಕ ಬರೆದುಕೊಳ್ಳಲಿ. ಇನ್ನು ತಂತ್ರಾಂಶದ ಅಂತಿಮ ಪರೀಕ್ಷೆಯನ್ನು ಬೆಂಗಳೂರಿನ ಸಭಾಂಗಣದ ಬದಲು ಊರಿನ ಕೌಂಟರಿನಲ್ಲೇ ಮಾಡಬೇಕು. ಅರ್ಜಿ ತಡೆಯಲ್ಪಟ್ಟ ಹೆಣ್ಣುಮಗಳು ಆ ಚೀಟಿ ಹಿಡಿದು, ಯಾರನ್ನೂ ಕೇಳದೆ ಸರಿಯಾದ ಕಚೇರಿಗೆ ಹೋಗಿ ಮುಟ್ಟುವವರೆಗೆ ನನ್ನಂಥವರ ಕೊನೆಯ ಕಂತಿನ ಬಿಲ್ ಪಾಸು ಮಾಡಬಾರದು.