ಬಿಟ್ ಜಾರಿದರೆ ಮೆಷಿನನ್ನು ಬಯ್ಯಬೇಡಿ



ಕಳೆದ ಮಳೆಗಾಲದಲ್ಲಿ ನನ್ನ ಅತ್ತೆ ಬಚ್ಚಲುಮನೆಯಲ್ಲಿ ಜಾರಿ ಬಿದ್ದರು. ಅಲ್ಲಾಹನ ಕೃಪೆ, ಮೂಳೆ ಮುರಿಯಲಿಲ್ಲ. ಆದರೆ ಎಪ್ಪತ್ತು ದಾಟಿದ ಜೀವ ಹೆದರಿಬಿಟ್ಟಿತು. ಅಂದಿನಿಂದ ಅವರ ಸ್ನಾನ ಮುಗಿಯುವವರೆಗೆ ನಾನೋ ಮಗಳೋ ಬಾಗಿಲ ಬಳಿ ನಿಲ್ಲಬೇಕಾಯಿತು. "ನನ್ನಿಂದ ನಿಮಗೆಲ್ಲ ತೊಂದರೆ" ಎಂದು ಅವರು ದಿನಾ ನೊಂದುಕೊಳ್ಳುತ್ತಿದ್ದರು.

ಗೋಡೆಗೆ ಒಂದು ಸ್ಟೀಲ್ ಹಿಡಿಕೆ ಹಾಕೋಣವೆಂದು ಅಂಗಡಿಯಿಂದ ತಂದೆವು. ಹಾಕುವವರು ಯಾರು? ಪತಿ ಗಲ್ಫ್‌ನಲ್ಲಿದ್ದಾರೆ. ಕೆಲಸದವರನ್ನು ಕರೆದರೆ "ನಾಳೆ ಬರ್ತೇನೆ" ಎನ್ನುವ ಉತ್ತರ. ಆ ನಾಳೆ ಬರಲೇ ಇಲ್ಲ. ಕಪಾಟಿನಲ್ಲಿ ಪತಿ ತಂದಿಟ್ಟಿದ್ದ ಡ್ರಿಲ್ ಮೆಷಿನ್ ನೆನಪಾಯಿತು. ಅದನ್ನು ಹಿಡಿದು ನಾನೇ ನಿಂತೆ.

ಬಿಟ್ ಸಿಕ್ಕಿಸಿ, ಕೈಯಿಂದ ಬಿಗಿದು, ಗೋಡೆಗೆ ಒತ್ತಿದೆ. ಮೆಷಿನ್ ತಿರುಗುತ್ತದೆ, ಬಿಟ್ ಮಾತ್ರ ತಿರುಗುವುದಿಲ್ಲ! ಇನ್ನಷ್ಟು ಬಿಗಿದೆ, ಮತ್ತೆ ಅದೇ ಕತೆ. ಕೊನೆಗೆ ಮೆಷಿನನ್ನು ಹಿಂದಕ್ಕೆಳೆದರೆ ಬಿಟ್ ಗೋಡೆಯಲ್ಲೇ ಉಳಿಯಿತು. ನೋಡಲು ಬಂದ ನೆರೆಮನೆಯ ಹುಡುಗ, "ಟೀಚರ್, ಇದರ ಚಕ್ ಹೋಗಿದೆ, ಹೊಸದು ಹಾಕಿಸಿ" ಎಂದು ತೀರ್ಪು ಕೊಟ್ಟುಬಿಟ್ಟ.

ಮರುದಿನ ನಮ್ಮ ಶಾಲೆಯ ಬೆಂಚು ರಿಪೇರಿಗೆ ಬಂದಿದ್ದ ಹಿರಿಯ ಬಡಗಿಯೊಬ್ಬರಿಗೆ ಮೆಷಿನನ್ನು ತೋರಿಸಿದೆ. ಅವರು ಚಕ್ಕನ್ನು ತೆರೆದು, ಕೆಳಮುಖ ಮಾಡಿ, ಅಂಗೈಯಿಂದ ತಟ್ಟಿದರು. ಒಂದು ಚಿಟಿಕೆ ಸಿಮೆಂಟ್ ಧೂಳು ಉದುರಿತು. "ಚಕ್ ಹೋಗಿಲ್ಲ ಟೀಚರೇ, ಬಾಯಿಗೆ ಮಣ್ಣು ತುಂಬಿದೆ" ಎಂದು ನಕ್ಕರು. ಅವರು ಹೇಳಿಕೊಟ್ಟದ್ದನ್ನೂ ನಂತರ ನಾನು ತಿಳಿದುಕೊಂಡದ್ದನ್ನೂ ನಿಮ್ಮ ಮುಂದಿಡುತ್ತಿದ್ದೇನೆ. ಗಂಡಸರು ದೂರದಲ್ಲಿರುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ?

ಬಿಟ್ಟನ್ನು ಕಚ್ಚಿ ಹಿಡಿಯುವ ಮುಂಭಾಗವೇ ಚಕ್. ಹಲ್ಲಿರುವ ಕೀಲಿ ಹಾಕಿ ತಿರುಗಿಸುವ ಚಕ್ಕಿಗೆ ಅಮೆರಿಕದ ಆರ್ಥರ್ ಜೇಕಬ್ಸ್ 1902ರಲ್ಲಿ ಪೇಟೆಂಟ್ ಪಡೆದರು. ಈಗ ಮನೆಬಳಕೆಯ ಮೆಷಿನ್‌ಗಳಲ್ಲಿ ಹೆಚ್ಚಾಗಿ ಕಾಣುವುದು ಕೈಯಿಂದಲೇ ಬಿಗಿಯುವ ಕೀಲೆಸ್ ಚಕ್. ಒಳಗೆ ಓರೆಯಾಗಿ ಕೂತಿರುವ ಮೂರು ಉಕ್ಕಿನ ಹಲ್ಲುಗಳಿವೆ. ಹೊರಗಿನ ಕೊಳವೆಯನ್ನು ತಿರುಗಿಸಿದಾಗ ಒಳಗಿನ ಮರೆಯ ಬಳೆ ಅವುಗಳನ್ನು ಮುಂದಕ್ಕೆ ತಳ್ಳುತ್ತದೆ. ಮುಂದೆ ಬಂದಷ್ಟೂ ಅವು ಒಂದಕ್ಕೊಂದು ಹತ್ತಿರವಾಗಿ ಬಿಟ್ಟನ್ನು ಅಮುಕುತ್ತವೆ. ದಾರಿಯಲ್ಲಿ ಧೂಳು ತುಂಬಿದರೆ ಹಲ್ಲುಗಳು ಅರ್ಧದಲ್ಲೇ ಸಿಕ್ಕಿಕೊಳ್ಳುತ್ತವೆ. ಕೈಗೆ ಮಾತ್ರ ಬಿಗಿಯಾದಂತೆ ಅನಿಸುತ್ತದೆ. ನಾನು ಮೋಸಹೋದದ್ದು ಇಲ್ಲೇ.

ಮೊದಲು, ಜಾರುತ್ತಿರುವುದು ಯಾವುದೆಂದು ನೋಡಿ. ಬಿಟ್ ಬಿಗಿದ ಮೇಲೆ ಬಿಟ್ಟಿನಿಂದ ಚಕ್ಕಿನವರೆಗೆ ಮಾರ್ಕರ್ ಪೆನ್ನಿನಿಂದ ಒಂದು ಗೆರೆ ಎಳೆಯಿರಿ. ಸ್ವಲ್ಪ ಕೊರೆದು ನಿಲ್ಲಿಸಿ. ಗೆರೆ ಎರಡಾಗಿ ಅಗಲಿದ್ದರೆ ಬಿಟ್ ಚಕ್ಕಿನೊಳಗೆ ಜಾರುತ್ತಿದೆ. ಗೆರೆ ನೆಟ್ಟಗಿದ್ದು, ಕಟಕಟ ಸದ್ದಿನೊಂದಿಗೆ ಚಕ್ಕೇ ನಿಲ್ಲುತ್ತಿದ್ದರೆ ದೋಷ ಚಕ್ಕಿನದಲ್ಲ. ಬ್ಯಾಟರಿ ಮೆಷಿನ್‌ಗಳಲ್ಲಿ ಚಕ್ಕಿನ ಹಿಂದೆ ಅಂಕಿಗಳಿರುವ ಒಂದು ಬಳೆ ಇರುತ್ತದೆ. ಅದು ಸ್ಕ್ರೂ ಬಿಗಿಯುವ ಅಂಕಿಯಲ್ಲಿದ್ದರೆ ಹೀಗಾಗುತ್ತದೆ. ಡ್ರಿಲ್ ಚಿಹ್ನೆಗೆ ತಿರುಗಿಸಿದರೆ ಸಾಕು.

ಬಿಟ್ಟೇ ಜಾರುತ್ತಿದೆಯೇ? ಪ್ಲಗ್ ತೆಗೆಯಿರಿ, ಬ್ಯಾಟರಿಯದಾದರೆ ಬ್ಯಾಟರಿ ಕಳಚಿ. ಚಕ್ಕನ್ನು ಪೂರ್ತಿ ತೆರೆದು, ಕೆಳಮುಖ ಹಿಡಿದು ಮೆಲ್ಲಗೆ ತಟ್ಟಿ. ಹಳೆಯ ಹಲ್ಲುಜ್ಜುವ ಬ್ರಶ್ಶಿನಿಂದ ಮೂರು ಹಲ್ಲುಗಳನ್ನೂ ಉಜ್ಜಿ. ಬಾಯಿಂದ ಊದಬೇಡಿ, ಧೂಳು ಕಣ್ಣಿಗೆ ಬೀಳುತ್ತದೆ. ಹೊಲಿಗೆ ಯಂತ್ರಕ್ಕೆ ಹಾಕುವ ಎಣ್ಣೆಯ ಒಂದೇ ಹನಿಯನ್ನು ಹಲ್ಲುಗಳ ಬುಡಕ್ಕೆ ಬಿಟ್ಟು, ಹತ್ತು ಸಲ ತೆರೆದು ಮುಚ್ಚಿ. ಹೊರಬಂದ ಎಣ್ಣೆಯನ್ನು ಬಟ್ಟೆಯಿಂದ ಪೂರ್ತಿ ಒರೆಸಿ. ಗ್ರೀಸ್ ಬೇಡ, ಅದು ಧೂಳನ್ನು ಕರೆದು ಕೂರಿಸುತ್ತದೆ.

ಇನ್ನು ಬಿಟ್ಟಿನ ಹಿಂಭಾಗವನ್ನು ನೋಡಿ. ಎಣ್ಣೆಯಿದ್ದರೆ ಒರೆಸಿ. ಜಾರಿ ಜಾರಿ ಗೀರು ಬಿದ್ದು ಅಂಚುಗಳು ಎದ್ದಿದ್ದರೆ ಮರಳು ಕಾಗದದಿಂದ ಉಜ್ಜಿ. ತೀರಾ ಸವೆದಿದ್ದರೆ ಹೊಸ ಬಿಟ್ ಕೊಳ್ಳಿ, ಚಕ್ಕಿಗಿಂತ ಅದು ಅಗ್ಗ. ದೊಡ್ಡ ರೋಟರಿ ಹ್ಯಾಮರ್‌ಗೆ ಹಾಕುವ, ಬುಡದಲ್ಲಿ ಕಾಲುವೆಗಳಿರುವ ಎಸ್‌ಡಿಎಸ್ ಬಿಟ್ಟನ್ನು ಈ ಚಕ್ಕಿಗೆ ಹಾಕಬೇಡಿ. ಮೂರು ಹಲ್ಲುಗಳಿಗೆ ಅದರಲ್ಲಿ ಸರಿಯಾದ ಹಿಡಿತ ಸಿಗುವುದಿಲ್ಲ.

ಬಿಟ್ ಹಾಕುವುದಕ್ಕೂ ಒಂದು ಕ್ರಮವಿದೆ. ತುದಿಯವರೆಗೆ ತಳ್ಳಿ, ಕೂದಲೆಳೆಯಷ್ಟು ಹಿಂದಕ್ಕೆ ತನ್ನಿ. ಹಲ್ಲುಗಳು ಕಚ್ಚಬೇಕಾದದ್ದು ನಯವಾದ ಬುಡವನ್ನು, ಸುರುಳಿಯನ್ನಲ್ಲ. ಬಿಟ್ ಮೂರು ಹಲ್ಲುಗಳ ನಡುವೆಯೇ ಇದೆಯೇ ಎಂದು ಎದುರಿನಿಂದ ನೋಡಿ. ಸಣ್ಣ ಬಿಟ್ ಎರಡು ಹಲ್ಲುಗಳ ಸಂದಿಗೆ ಜಾರಿ ಕೂರುವುದುಂಟು. ಎರಡು ಕೊಳವೆಗಳ ಚಕ್ ಆದರೆ ಹಿಂದಿನದನ್ನು ಒಂದು ಕೈಯಿಂದ ಹಿಡಿದು ಮುಂದಿನದನ್ನು ಇನ್ನೊಂದರಿಂದ ಬಿಗಿಯಿರಿ. ಕಟ್ ಕಟ್ ಎನ್ನುವ ಚಕ್ ಆದರೆ ಮೊದಲ ಸದ್ದಿಗೇ ನಿಲ್ಲಿಸಬೇಡಿ, ಗಟ್ಟಿಯಾಗಿ ನಿಲ್ಲುವವರೆಗೆ ತಿರುಗಿಸಿ. ಹ್ಯಾಮರ್ ಹಾಕಿ ಕೊರೆಯುವಾಗ ಅದುರಿ ಸಡಿಲವಾಗುವುದರಿಂದ ಎರಡು ಮೂರು ತೂತಿಗೊಮ್ಮೆ ಪ್ಲಗ್ ತೆಗೆದು ಮತ್ತೆ ಬಿಗಿಯಿರಿ.

ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಕೆಲವರು ಚಕ್ಕನ್ನು ಮುಷ್ಟಿಯಲ್ಲಿ ಹಿಡಿದು, ಸ್ವಿಚ್ ಒತ್ತಿ ಬಿಗಿಯುತ್ತಾರೆ. ಮಾಡಬೇಡಿ, ಬೆರಳಿನ ಚರ್ಮ ಕಿತ್ತು ಬರುತ್ತದೆ. ಮೆಷಿನ್ ಹಿಡಿಯುವ ಮುನ್ನ ದುಪ್ಪಟ್ಟಾದ ಸೆರಗನ್ನು ಒಳಗೆ ಸಿಕ್ಕಿಸಿ ಪಿನ್ ಮಾಡಿ. ಬುರ್ಖಾದ ಅಗಲ ತೋಳು, ಬಳೆ, ಕೈಗವಸು ಯಾವುದೂ ಬೇಡ. ತಿರುಗುವ ಬಿಟ್ ಬಟ್ಟೆಯ ತುದಿಯನ್ನು ಕ್ಷಣದಲ್ಲಿ ಸುತ್ತಿಕೊಂಡು ನಮ್ಮನ್ನೇ ಎಳೆಯುತ್ತದೆ. ಕಣ್ಣಿಗೆ ಕನ್ನಡಕ ಇರಲಿ, ಮಕ್ಕಳು ದೂರವಿರಲಿ.

ಇಷ್ಟೆಲ್ಲ ಮಾಡಿದ ಮೇಲೂ ಹೊಸ ಬಿಟ್ ಜಾರಿದರೆ, ಅಥವಾ ಹಲ್ಲುಗಳ ತುದಿ ಸವೆದು ಒಂದು ಹಿಂದೆ ಒಂದು ಮುಂದೆ ನಿಂತಿದ್ದರೆ, ಚಕ್ ನಿಜಕ್ಕೂ ಹೋಗಿದೆ. ಅಳತೆಯನ್ನು ಹೆಚ್ಚಾಗಿ ಚಕ್ಕಿನ ಮೇಲೆಯೇ ಕೆತ್ತಿರುತ್ತಾರೆ; ಅದೇ ಅಳತೆಯದು ಬೇಕು. ಹಿಂದಕ್ಕೂ ತಿರುಗುವ ಮೆಷಿನ್‌ಗಳಲ್ಲಿ ಚಕ್ಕಿನ ಒಳಗೆ ತಳದಲ್ಲಿ ಒಂದು ಸ್ಕ್ರೂ ಇರುತ್ತದೆ. ಅದರ ಮರೆ ಉಲ್ಟಾ, ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ತಿಳಿಯದೆ ಎಡಕ್ಕೆ ಬಲ ಹಾಕಿ ಅದನ್ನು ಹಾಳುಮಾಡುವವರು ಬಹಳ. ಧೈರ್ಯ ಬಾರದಿದ್ದರೆ ರಿಪೇರಿ ಅಂಗಡಿಗೆ ಕೊಡಿ, ಅದರಲ್ಲಿ ನಾಚಿಕೆಯೇನಿಲ್ಲ.

ಇದಕ್ಕೆಲ್ಲ ಇಷ್ಟು ತಲೆಕೆಡಿಸಿಕೊಳ್ಳಬೇಕೇ ಎನ್ನುವಿರಾ? ಸಡಿಲ ಬಿಟ್ ಅಲ್ಲಾಡುತ್ತಾ ತೂತನ್ನು ಅಗಲ ಮಾಡುತ್ತದೆ. 8 ಮಿಲಿಮೀಟರ್ ಪ್ಲಗ್ಗಿಗೆ 8ರ ತೂತೇ ಬೇಕು. ಅಗಲವಾದ ತೂತಿನಲ್ಲಿ ಪ್ಲಗ್ ನಿಲ್ಲದು, ಹಿಡಿಕೆಯೂ ನಿಲ್ಲದು. ಕ್ಯಾಲೆಂಡರ್ ಬಿದ್ದರೆ ಎತ್ತಿಕೊಳ್ಳಬಹುದು. ಮುದುಕಿಯೊಬ್ಬರು ನಂಬಿ ಭಾರ ಹಾಕಿದಾಗ ಕಿತ್ತು ಬರುವ ಹಿಡಿಕೆಗಿಂತ ಹಿಡಿಕೆ ಇಲ್ಲದಿರುವುದೇ ವಾಸಿ.

ಆ ಸಂಜೆ ಚಕ್ ಸ್ವಚ್ಛ ಮಾಡಿ, ಹೊಸ ಬಿಟ್ ಹಾಕಿ, ಮಾರ್ಕರ್ ಗೆರೆ ಎಳೆದೆ. ಕೆಟ್ಟುಹೋದ ಹಳೆಯ ತೂತನ್ನು ಬಿಟ್ಟು ಹೊಸ ಜಾಗ ಗುರುತಿಸಿದೆ. ನಲ್ಲಿಯ ಪೈಪ್ ಹೋಗುವ ನೇರವನ್ನು ತಪ್ಪಿಸಿದೆ. ಟೈಲ್ಸ್ ಒಡೆಯದಂತೆ ಟೇಪ್ ಅಂಟಿಸಿ, ಹ್ಯಾಮರ್ ಇಲ್ಲದೆ ನಿಧಾನವಾಗಿ ಕೊರೆದೆ. ಗೆರೆ ಕದಲಲಿಲ್ಲ. ಹಿಡಿಕೆ ಕೂರಿಸಿದ ಮೇಲೆ ಮೊದಲು ನನ್ನ ಪೂರ್ತಿ ಭಾರ ಹಾಕಿ ಎಳೆದು ನೋಡಿದೆ.

ಈಗ ಅತ್ತೆ ಒಬ್ಬರೇ ಸ್ನಾನಕ್ಕೆ ಹೋಗುತ್ತಾರೆ. ಬಾಗಿಲ ಬಳಿ ಯಾರೂ ನಿಲ್ಲುವುದಿಲ್ಲ. ಡ್ರಿಲ್ ಮೆಷಿನ್ ಮತ್ತೆ ಕಪಾಟು ಸೇರಿದೆ, ಈ ಸಲ ಅದರ ಜೊತೆಗೊಂದು ಹಳೆಯ ಬ್ರಶ್ಶೂ ಇದೆ.