ಬೀಜದ ಪರೀಕ್ಷೆ, ಬುದ್ಧಿಯ ಪರೀಕ್ಷೆ

ರಾಣೆಬೆನ್ನೂರಿನ ಪೇಟೆಯಲ್ಲಿ ಬೀಜದ ವ್ಯಾಪಾರ ದೊಡ್ಡದು. ಬೀಜದ ಗುಣ ಬಾಯಿಮಾತಿನಿಂದ ತಿಳಿಯುವಂಥದಲ್ಲ. ಚೀಲದ ಮೇಲು, ನಡು, ತಳ, ಎಲ್ಲ ಕಡೆಯಿಂದಲೂ ಹಿಡಿಹಿಡಿ ತೆಗೆದು, ನೂರು ಕಾಳೆಣಿಸಿ, ಒದ್ದೆಬಟ್ಟೆಯಲ್ಲಿಟ್ಟು, ಮೊಳೆತವೆಷ್ಟು ಎಂದು ಲೆಕ್ಕ ಹಾಕಬೇಕು. ದಪ್ಪ ಕಾಳುಗಳನ್ನಷ್ಟೇ ಆರಿಸಿಟ್ಟವನ ಲೆಕ್ಕವನ್ನು ಯಾವ ರೈತನೂ ನಂಬಲಾರ. ಕಾಳಿನ ವಿಷಯದಲ್ಲಿ ನಮಗಿರುವ ಈ ಎಚ್ಚರ ಮಕ್ಕಳ ಬುದ್ಧಿಯ ವಿಷಯದಲ್ಲಿ ಏಕಿಲ್ಲ? ಒಂದು ಪರೀಕ್ಷೆಯಲ್ಲಿ ಅಂಕ ಕಡಿಮೆಯಾದರೆ ಸಾಕು, ಹುಡುಗ ದಡ್ಡನೆಂದು ತೀರ್ಪು ಕೊಟ್ಟುಬಿಡುತ್ತೇವೆ.

ಪದವಿ ತರಗತಿಗಳಲ್ಲಿ ಮನಶ್ಶಾಸ್ತ್ರವನ್ನೋ ಶಿಕ್ಷಣಶಾಸ್ತ್ರವನ್ನೋ ಓದುತ್ತಿರುವ ತರುಣ ತರುಣಿಯರಿಗೆ ಇಲ್ಲಿ ಒಳ್ಳೆಯ ಕೆಲಸವುಂಟು. ಸಂಶೋಧನೆಯೆಂಬುದು ಎಂ.ಎ. ಮುಗಿದ ಮೇಲಿನ ಮಾತೆಂದು ಹಲವರ ಎಣಿಕೆ. ನಮ್ಮ ರಾಜ್ಯದಲ್ಲಿ 2021ರಲ್ಲಿ ಬಂದ ನಾಲ್ಕು ವರ್ಷದ ಪದವಿಯ ಕ್ರಮ ಕೊನೆಯ ವರ್ಷದಲ್ಲಿ ಸಂಶೋಧನೆಗೆ ಎಡೆಗೊಟ್ಟಿತ್ತು. 2024ರಲ್ಲಿ ಅದನ್ನು ಕೈಬಿಟ್ಟು ಮೂರು ವರ್ಷದ ಪದವಿಗೆ ಮರಳಿದ್ದಾಯಿತು. ಪಠ್ಯಕ್ರಮ ಕೇಳದಿದ್ದರೇನು? ಸ್ವಂತ ಜಿಜ್ಞಾಸೆಯಿಂದ ಹೊರಟವರನ್ನು ತಡೆಯುವವರಾರು?

ಈ ದಾರಿಯಲ್ಲಿ ನಮಗೆ ಹಿರಿಯರೊಬ್ಬರುಂಟು. ಆಲ್ಫ್ರೆಡ್ ಬಿನೆ ಎಂಬ ವಿದ್ವಾಂಸರು 1905ರಲ್ಲಿ ಪ್ಯಾರಿಸ್ಸಿನ ಮಕ್ಕಳಿಗಾಗಿ ಬುದ್ಧಿಪರೀಕ್ಷೆಯೊಂದನ್ನು ರಚಿಸಿದರು. ಕಲಿಕೆಯಲ್ಲಿ ವಿಶೇಷ ನೆರವು ಬೇಕಾದ ಮಕ್ಕಳನ್ನು ಗುರುತಿಸುವುದು ಅದರ ಉದ್ದೇಶವಾಗಿತ್ತು. ಆದರೆ ಪ್ಯಾರಿಸ್ಸಿನ ಪ್ರಶ್ನೆ ಕನ್ನಡದ ಕೂಸಿಗೆ ಒಗ್ಗೀತೆ? ಹಿಮ ಬೀಳುವುದನ್ನೇ ಕಾಣದ ಮಗುವಿಗೆ ಹಿಮದ ಮೇಲೆ ಪ್ರಶ್ನೆ ಕೇಳಿ, ಅದು ಸುಮ್ಮನಿದ್ದರೆ ತಪ್ಪು ಮಗುವಿನದಲ್ಲ. ವಿ.ವಿ. ಕಾಮತರು ಧಾರವಾಡದ ಮಕ್ಕಳನ್ನು ಪರೀಕ್ಷಿಸಿ, ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳಿಗೆ ತಕ್ಕಂತೆ ಆ ಪರೀಕ್ಷೆಯನ್ನು ತಿದ್ದಿ, 1934ರಲ್ಲಿ ಪ್ರಕಟಿಸಿದರು; 1940ರಲ್ಲಿ ಅದು ಗ್ರಂಥರೂಪವಾಗಿಯೂ ಬಂದಿತು. ಬಿನೆ-ಕಾಮತ್ ಪರೀಕ್ಷೆಯೆಂದು ಅದು ದೇಶದಲ್ಲೆಲ್ಲ ಹೆಸರಾಯಿತು. 1997ರಲ್ಲಿ ಹಾವೇರಿ ಜಿಲ್ಲೆಯಾಗುವವರೆಗೂ ಧಾರವಾಡ ಜಿಲ್ಲೆಗೇ ಸೇರಿದ್ದ ರಾಣೆಬೆನ್ನೂರಿಗೆ ಇದು ಮನೆಯ ಹಿರಿಮೆಯೇ ಸರಿ.

ಹಾಗೆಂದು ಪದವಿಯ ವಿದ್ಯಾರ್ಥಿ ಬುದ್ಧಿಯನ್ನೇ ಅಳೆಯಹೊರಡುವುದು ಬೇಡ. ಪ್ರಶ್ನೆ ಸಣ್ಣದಿರಲಿ. ಪಾಠವನ್ನು ಮತ್ತೆ ಮತ್ತೆ ಓದುವುದು ಮೇಲೋ, ಒಮ್ಮೆ ಓದಿ ಪುಸ್ತಕ ಮುಚ್ಚಿ ನೆನೆದು ಹೇಳುವುದು ಮೇಲೋ? 1917ರಲ್ಲಿ ಅಮೆರಿಕದ ಆರ್ಥರ್ ಗೇಟ್ಸ್ ಶಾಲಾಮಕ್ಕಳ ಮೇಲೆ ಪ್ರಯೋಗ ನಡೆಸಿ, ನೆನೆದು ಹೇಳುವುದಕ್ಕೆ ಹೆಚ್ಚು ಹೊತ್ತು ಕೊಟ್ಟರೆ ಲಾಭ ಹೆಚ್ಚೆಂದು ಕಂಡರು. ನಮ್ಮೂರಿನ ಕನ್ನಡ ಶಾಲೆಯಲ್ಲಿ ಅದು ನಿಜವೆ ಎಂದು ನೋಡಬಾರದೇಕೆ?

ಇದಕ್ಕೆ ಯಂತ್ರ ಬೇಡ, ಹಣ ಬೇಡ. ಒಂದು ತರಗತಿಯ ಮಕ್ಕಳನ್ನು ಚೀಟಿಯೆತ್ತಿ ಎರಡು ಗುಂಪು ಮಾಡುವುದು. ಜಾಣರನ್ನೆಲ್ಲ ಒಂದೇ ಕಡೆ ಕೂಡಿಸಿದರೆ ದಪ್ಪ ಕಾಳಿನ ಕಥೆಯೇ ಆಯಿತು. ಇಬ್ಬರಿಗೂ ಒಂದೇ ಪಾಠ, ಒಂದೇ ಅವಧಿ. ವಾರ ಕಳೆದ ಮೇಲೆ ಒಂದೇ ಪ್ರಶ್ನೆಪತ್ರಿಕೆ. ಯಾವ ಮಗು ಯಾವ ಗುಂಪಿನದೆಂದು ಅರಿಯದವರಿಂದ ಉತ್ತರಗಳನ್ನು ನೋಡಿಸಬೇಕು. ಎರಡು ಗುಂಪಿಗೂ ವ್ಯತ್ಯಾಸ ಕಾಣದಿದ್ದರೆ ಕಾಣಲಿಲ್ಲವೆಂದೇ ಬರೆಯಬೇಕು. ಬೇಕಾದ ಫಲ ಬರಲೆಂದು ಲೆಕ್ಕ ತಿರುಚುವವನು ತನ್ನ ಶ್ರಮವನ್ನೇ ನೀರಿನಲ್ಲಿ ಹೋಮ ಮಾಡಿದಂತೆ.

ಎಲ್ಲಕ್ಕಿಂತ ಮಿಗಿಲಾದ ಮಾತೊಂದಿದೆ. ಕಾಳು ಮೊಳೆಯದಿದ್ದರೆ ಚೆಲ್ಲಬಹುದು, ಮಗು ಕಾಳಲ್ಲ. ಮುಖ್ಯೋಪಾಧ್ಯಾಯರ ಮತ್ತು ಪಾಲಕರ ಒಪ್ಪಿಗೆಯಿಲ್ಲದೆ ಪ್ರಯೋಗಕ್ಕೆ ಕೈಹಾಕಕೂಡದು. ಒಲ್ಲೆನೆಂದ ಮಗುವನ್ನು ಬಲವಂತಪಡಿಸಕೂಡದು. ಉತ್ತರಪತ್ರಿಕೆಯ ಮೇಲೆ ಹೆಸರಿನ ಬದಲು ಅಂಕಿ ಇರಲಿ. ಇಂಥವನು ಹಿಂದೆ, ಇಂಥವಳು ಮುಂದೆ ಎಂಬ ಸುದ್ದಿ ಶಾಲೆಯ ಅಂಗಳಕ್ಕೂ ಬೀಳಬಾರದು. ಹಿಂದೆ ಬಿದ್ದ ಗುಂಪಿಗೆ ಮೇಲಾದ ವಿಧಾನವನ್ನು ಕಲಿಸಿಕೊಟ್ಟ ಮೇಲೆಯೇ ಪ್ರಯೋಗ ಮುಗಿಯಿತೆನ್ನಬೇಕು.

ಇನ್ನು ಪಾಲಕರಲ್ಲೊಂದು ಬಿನ್ನಹ. ನಿಮ್ಮ ಮಗನೋ ಮಗಳೋ ಇಂಥ ಕೆಲಸಕ್ಕೆ ಹೊರಟರೆ, ಇದರಿಂದ ಅಂಕ ಬರುವುದೇ, ನೌಕರಿ ಸಿಗುವುದೇ ಎಂದು ಕೇಳುವ ಮೊದಲು, ಅವರ ಪ್ರಶ್ನೆಯೇನೆಂದು ಕೇಳಿರಿ. ಆ ಪ್ರಶ್ನೆಗೆ ಸಿಕ್ಕ ಉತ್ತರದಿಂದ ದಡ್ಡನೆನಿಸಿಕೊಂಡ ಒಂದು ಮಗುವಿಗಾದರೂ ಓದುವ ದಾರಿ ಕಂಡರೆ, ವರ್ಷದ ಶ್ರಮ ಸಾರ್ಥಕವಲ್ಲವೆ?