ಬೆಳಕಿನ ಕಳ್ಳಸೇರು

ಅಂಗಡಿಯವನ ತಕ್ಕಡಿಗೆ ಸರ್ಕಾರದ ಮುದ್ರೆ ಬೇಕು. ಎಣ್ಣೆಯ ಪೊಟ್ಟಣದಲ್ಲಿ ನಮೂದಿಸಿದ್ದಕ್ಕಿಂತ ಕಡಿಮೆ ತುಂಬಿದವನು 2009ರ ಕಾನೂನು ಮಾಪನಶಾಸ್ತ್ರ ಅಧಿನಿಯಮದಂತೆ ದಂಡ ತೆರಬೇಕು. ಬೆಳಕನ್ನು ಮಾರುವವನಿಗೆ ಮಾತ್ರ ಇಂಥ ಭಯವೇನೂ ಇದ್ದಂತೆ ಕಾಣುವುದಿಲ್ಲ. ಮನೆಯಲ್ಲಿ ಸಿನಿಮಾ ನೋಡಲೆಂದು ಮಾರುವ, ಕೈಚೀಲದಲ್ಲಿ ಹಿಡಿಸುವ ಪುಟ್ಟ ಪ್ರೊಜೆಕ್ಟರುಗಳ ಪೆಟ್ಟಿಗೆಗಳನ್ನು ಒಮ್ಮೆ ನೋಡಿ: ಒಂದರ ಮೇಲೆ 9,000 ಲ್ಯೂಮೆನ್, ಪಕ್ಕದ್ದರ ಮೇಲೆ 12,000! ಅಷ್ಟು ಬೆಳಕು ನಿಜವಾಗಿ ಬರುವುದಾದರೆ ಒಂದು ದೊಡ್ಡ ಸಭಾಭವನಕ್ಕೇ ಸಾಕು. ಅಂಥ ಯಂತ್ರವನ್ನು ಎತ್ತಿಡಲು ಇಬ್ಬರು ಗಟ್ಟಿ ಆಳು ಬೇಕು.

ಬೆಳಕನ್ನು ಅಳೆಯುವುದಕ್ಕೆ ಪ್ರಾಮಾಣಿಕವಾದ ಕ್ರಮವೇ ಇಲ್ಲವೆ? ಇದೆ. ಪರದೆಯನ್ನು ಅಡ್ಡಕ್ಕೆ ಮೂರು, ಉದ್ದಕ್ಕೆ ಮೂರು, ಹೀಗೆ ಒಂಬತ್ತು ಮನೆಗಳಾಗಿ ಭಾಗಿಸಿ, ಪ್ರತಿ ಮನೆಯ ನಡುವೆ ಬಿದ್ದ ಬೆಳಕನ್ನು ಅಳೆದು, ಸರಾಸರಿ ತೆಗೆದು, ಪರದೆಯ ವಿಸ್ತೀರ್ಣದಿಂದ ಗುಣಿಸಬೇಕು. ಅಮೆರಿಕದ ಆನ್ಸಿ ಮಾನಕ ಹೇಳಿದ್ದು ಇದನ್ನೇ. ಇಂದಿನ ಅಂತರರಾಷ್ಟ್ರೀಯ ಐಎಸ್‌ಒ 21118 ಹೇಳುವುದೂ ಇದನ್ನೇ. ಪೆಟ್ಟಿಗೆಯ ಮೇಲೆ ಆನ್ಸಿ ಎಂದಾಗಲಿ ಐಎಸ್‌ಒ ಎಂದಾಗಲಿ ಇಲ್ಲದೆ ಬರಿದೆ 'ಲ್ಯೂಮೆನ್' ಎಂದಿದ್ದರೆ, ಅದು ಒಳಗಿನ ದೀಪದ ಲೆಕ್ಕವಿರಬಹುದು, ಇಲ್ಲವೆ ಮುದ್ರಿಸಿದವನ ಕಲ್ಪನೆಯಿರಬಹುದು. ಚೊಂಬಿಗೆ ಬಿದ್ದ ಹಾಲನ್ನು ಅಳೆಯುವ ಬದಲು ಹಸುವನ್ನೇ ತೂಗಿ ದುಡ್ಡು ಕೇಳಿದಂತೆ! ಬ್ಯಾಟರಿಯಿಂದ ನಡೆಯುವ ಯಂತ್ರಗಳಲ್ಲಿ ಒಳ್ಳೆಯವೆನಿಸಿಕೊಂಡವು ಕೂಡ ಸಾಮಾನ್ಯವಾಗಿ ಕೊಡುವುದು 200ರಿಂದ 500 ಆನ್ಸಿ ಲ್ಯೂಮೆನ್ ಅಷ್ಟೆ.

ಇನ್ನೊಂದು ಪೆಟ್ಟಿಗೆಯ ಮೇಲೆ '4ಕೆ ಬೆಂಬಲ' ಎಂದಿರುತ್ತದೆ. ಒಳಗಿನ ಫಲಕದಲ್ಲಿರುವುದು ಎಷ್ಟೋ ಸಲ ಅಡ್ಡಕ್ಕೆ 1280, ಉದ್ದಕ್ಕೆ 720 ಬಿಂದು. ಒಂಬತ್ತು ಎಲೆಯ ಅಡುಗೆಯನ್ನು ಒಳಕ್ಕೆ ಒಯ್ದು ಹೊರಗೆ ಒಂದೇ ಎಲೆಗೆ ಬಡಿಸುವ ಈ ಜಾಣತನಕ್ಕೆ 'ಬೆಂಬಲ' ಎಂದು ಹೆಸರು.

ಇದು ಶ್ರೀಮಂತರ ಆಟಿಕೆಯ ವಿಚಾರ, ಇದಕ್ಕೇಕೆ ಇಷ್ಟು ಗದ್ದಲ ಎನ್ನುವವರುಂಟು. ನಮ್ಮ ಬೀದಿಯ ನಿವೃತ್ತ ಉಪಾಧ್ಯಾಯರೊಬ್ಬರು ಶ್ರೀಮಂತರಲ್ಲ. ಮಂಡಿನೋವಿನಿಂದ ಚಿತ್ರಮಂದಿರದ ಮೆಟ್ಟಿಲು ಹತ್ತಲಾರದ ಮಡದಿಗಾಗಿ, ಪಿಂಚಣಿಯಲ್ಲಿ ಉಳಿಸಿದ ಹನ್ನೊಂದು ಸಾವಿರ ರೂಪಾಯಿ ತೆತ್ತು ಇಂಥದೊಂದನ್ನು ತಂದರು. ನೆರೆಹೊರೆಯವರನ್ನೆಲ್ಲ ಕರೆದು 1954ರ 'ಬೇಡರ ಕಣ್ಣಪ್ಪ' ಹಾಕಿದರು. ಕಿಟಕಿಯಿಂದ ಬೀದಿದೀಪ ಬೀಳುತ್ತಿತ್ತು. ಗೋಡೆಯ ಮೇಲೆ ಕಪ್ಪೂ ಇಲ್ಲ, ಬಿಳುಪೂ ಇಲ್ಲ, ಬರೀ ಬೂದಿ. "ಏನ್ರೀ ಇದು, ಮಂಜಿನಲ್ಲಿ ನಾಟಕ ಆಡ್ತಿದಾರೆಯೆ?" ಎಂದರು ಆಕೆ. ಮರುದಿನ ಅಂಗಡಿಯವನು ಕೊಟ್ಟ ಸಮಾಧಾನ: "ನಿಮ್ಮ ಗೋಡೆ ಸರಿಯಿಲ್ಲ ಮೇಷ್ಟ್ರೆ."

ಗೋಡೆಯಲ್ಲಿ ದೋಷವಿರಲಿಲ್ಲ. ಯಾವ ಪ್ರೊಜೆಕ್ಟರೂ ಕಪ್ಪನ್ನು ಎಸೆಯಲಾರದು. ಕಪ್ಪೆಂಬುದು ಕೋಣೆಯ ಕತ್ತಲೆಯಿಂದಲೇ ಬರಬೇಕು. ಹಿಂದೆ ಟೂರಿಂಗ್ ಟಾಕೀಸಿನವನು ಹೊತ್ತು ಮುಳುಗದೆ ಆಟ ಶುರುಮಾಡುತ್ತಿರಲಿಲ್ಲ. ಈ ಮಟ್ಟಿಗೆ ಅವನು ಸತ್ಯವಂತ. ಇನ್ನು ಗಾತ್ರ. 60 ಅಂಗುಲದ ಚಿತ್ರ ಹೆಚ್ಚು ಕಡಿಮೆ ಒಂದು ಚದರ ಮೀಟರು. ಅದನ್ನೇ 120 ಅಂಗುಲಕ್ಕೆ ಹಿಗ್ಗಿಸಿದರೆ ನಾಲ್ಕು. ಬೆಳಕು ಅಷ್ಟೇ, ಜಾಗ ನಾಲ್ಕರಷ್ಟು: ಪಾವು ಹಾಲಿಗೆ ಮೂರು ಪಾವು ನೀರು. ಇದನ್ನು ಹೇಳದೆ '200 ಅಂಗುಲದವರೆಗೆ' ಎಂದು ಬರೆಯುವವನನ್ನು ವ್ಯಾಪಾರಿ ಎನ್ನಲು ನನಗೆ ನಾಲಗೆ ಬಾರದು.

ಹಾಗಾದರೆ ಟೆಲಿವಿಷನ್ನೇ ಕೊಳ್ಳಬಾರದೆ ಎಂದು ಕೇಳುತ್ತಾರೆ. ಹಗಲಲ್ಲಿ ನೋಡುವವರು ಧಾರಾಳವಾಗಿ ಕೊಳ್ಳಲಿ. ಆದರೆ ಬೇಸಗೆಯ ರಾತ್ರಿ ತಾರಸಿಯ ಮೇಲೆ, ಊರಿನ ಮನೆಯ ಜಗಲಿಯಲ್ಲಿ, ಹತ್ತು ಮಂದಿ ಚಾಪೆಯ ಮೇಲೆ ಕುಳಿತು ನೋಡುವ ಸುಖ ಬೇರೆ. ಗೋಡೆಗೆ ಮೊಳೆ ಹೊಡೆದು ತಗುಲಿಸಿದ ಪೆಟ್ಟಿಗೆ ಅಲ್ಲಿಗೆ ಬರುವುದಿಲ್ಲ. ಬ್ಯಾಟರಿಯ ಮೇಲೆ ಓಡುವಾಗ ಅನೇಕ ಯಂತ್ರಗಳು ತಮ್ಮ ಬೆಳಕನ್ನು ತಾವೇ ತಗ್ಗಿಸಿಕೊಳ್ಳುತ್ತವೆಂಬುದನ್ನೂ, ನಮ್ಮ ಎಷ್ಟೋ ಚಿತ್ರಗಳು ಎರಡೂವರೆ ಗಂಟೆಯವರೆಗೆ ಓಡುತ್ತವೆಂಬುದನ್ನೂ ಕೊಳ್ಳುವ ಮುನ್ನ ನೆನೆಯಬೇಕು.

ತಪ್ಪುದಾರಿಗೆಳೆಯುವ ಜಾಹೀರಾತುಗಳ ಮೇಲೆ ಕ್ರಮ ಕೈಗೊಳ್ಳಲು 2019ರ ಗ್ರಾಹಕ ಸಂರಕ್ಷಣಾ ಅಧಿನಿಯಮದಡಿ ಒಂದು ಕೇಂದ್ರೀಯ ಪ್ರಾಧಿಕಾರವೇ ಇದೆ. ಐಎಸ್‌ಒ ಕ್ರಮದಲ್ಲಿ ಅಳೆದ ಬೆಳಕು, ಫಲಕದ ನಿಜವಾದ ಬಿಂದುಗಳು, ಬ್ಯಾಟರಿಯ ಮೇಲಿನ ಬೆಳಕು ಎಷ್ಟು ಎಂಬುದು, ಈ ಮೂರಿಲ್ಲದ ಪೆಟ್ಟಿಗೆ ಮಾರಾಟಕ್ಕೆ ಬಾರದಂತೆ ಸರ್ಕಾರ ಏಕೆ ನಿಯಮ ಮಾಡಬಾರದು?

ಅದು ಬರುವವರೆಗೆ ಗಿರಾಕಿಯೇ ಗಟ್ಟಿಯಾಗಬೇಕು. ಅಂಗಡಿಗಳಲ್ಲಿ ತೋರಿಸುವುದು ಯಾವಾಗಲೂ ಹೂವು, ಗಿಳಿ, ಬಣ್ಣದ ಮೀನು. ಹೋದ ತಿಂಗಳು ನಾನು ಒಂದು ಕಡೆ, "ದೀಪ ಆರಿಸುವುದು ಬೇಡಪ್ಪ, 'ಸಂಸ್ಕಾರ'ದ ಒಂದು ರಾತ್ರಿಯ ದೃಶ್ಯ ಹಾಕು" ಎಂದೆ. ಹುಡುಗ ಯಜಮಾನನ ಮುಖ ನೋಡಿದ. ಯಜಮಾನ, "ಅದು ಬಿಡಿ ಸಾರ್, ನಿಮಗೆ ಬೇರೆ ಇದೆ" ಎಂದು ಒಳಗಿನ ಬೀರುವಿನಿಂದ ಇನ್ನೊಂದು ಪೆಟ್ಟಿಗೆ ತಂದ. ಅದರ ಮೇಲೆ 400 ಆನ್ಸಿ ಲ್ಯೂಮೆನ್ ಎಂದಿತ್ತು. ಬೆಲೆ ಎರಡರಷ್ಟು.